ಮಳಿಗೆ ಕಟ್ಟಿಸುವ ಮುನ್ನ ಸಂತೆಗೆ ಹೋಗಿ ಬಾ

ಪುರಸಭೆ ಸದಸ್ಯೆಯಾದೆ, ಸಂತೋಷ ಕಣಮ್ಮ. ಊರಿನ ಸಣ್ಣಪುಟ್ಟ ವ್ಯಾಪಾರದವರಿಗೆ ಅನುಕೂಲ ಆಗಲಿ, ಬಸ್ ಸ್ಟ್ಯಾಂಡ್ ಪಕ್ಕ ವಾಣಿಜ್ಯ ಸಂಕೀರ್ಣ ಕಟ್ಟಿಸ್ತೀನಿ ದೊಡ್ಡಪ್ಪ ಅಂದೆಯಲ್ಲ, ಅದಕ್ಕೇ ಈ ನಾಲ್ಕು ಮಾತು. ಕಂದಾಯ ಶಾಖೆಯಲ್ಲಿ ಕೂತು ಮಳಿಗೆ ಹರಾಜು ಬೇಕಾದಷ್ಟು ನೋಡಿದವನು ನಾನು. ಅಲ್ಲಿ ಕೂಗುವವರು ದುಡ್ಡಿದ್ದವರು. ಮಳಿಗೆ ಹಿಡಿದು ಒಳಬಾಡಿಗೆಗೆ ಬಿಡ್ತಾರೆ. ಪುರಸಭೆಗೆ ಬರೋದು ಒಂದು ಬಾಡಿಗೆ, ಅಂಗಡಿಯವನು ತೆರೋದು ಇನ್ನೊಂದು. ಮಹಡಿ ಮೇಲಿನ ಮಳಿಗೆಗೆ ಗಿರಾಕಿ ಹತ್ತೋದಿಲ್ಲ, ಷಟರ್ ತುಕ್ಕು ಹಿಡಿಯುತ್ತೆ. ಉದ್ಘಾಟನೆ ಕಲ್ಲಿನ ಮೇಲೆ ನಿನ್ನ ಹೆಸರಿರುತ್ತೆ, ಅಷ್ಟು ಲಾಭ.

ಬರುವ ಸಂತೆ ದಿನ ಬೆಳಗಿನ ಜಾವವೇ ಹೋಗು, ಹಿಂದೆ ಮುಂದೆ ಯಾರನ್ನೂ ಕಟ್ಟಿಕೊಳ್ಳಬೇಡ. ಸೊಪ್ಪಿನ ಹೊರೆ ಇಳಿಸಿದ ಹೆಂಗಸಿಗೆ ಬೋಣಿ ಆಗುವ ಮುಂಚೆಯೇ ಸುಂಕದ ಹರಾಜು ಹಿಡಿದವನ ಹುಡುಗ ಎದುರಿಗೆ ನಿಂತಿರ್ತಾನೆ. ಎಷ್ಟು ಕೇಳ್ತಾನೆ, ರಸೀದಿ ಹರಿದು ಕೊಡ್ತಾನಾ, ಕೊಟ್ಟರೆ ಅದರಲ್ಲಿ ಬರೆದಿರೋದೆಷ್ಟು, ನೋಡು. ದರ ನಿಗದಿ ಮಾಡೋದು ನಿಮ್ಮ ಸಭೆ. ಅದನ್ನು ಸಂತೆ ಬಾಗಿಲಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಖರ್ಚು ಒಂದು ಡಬ್ಬ ಬಣ್ಣ. ಹೆಂಗಸರಿಗೆ ಶೌಚಾಲಯ ಎಲ್ಲಿದೆ ಅಂತಲೂ ವಿಚಾರಿಸು. ಎಷ್ಟೋ ಜನ ಸಂಜೆ ತನಕ ನೀರು ಕುಡಿಯದೆ ಕೂತಿರ್ತಾರೆ, ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ.

ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014ರದ್ದು, ಕೂತು ಓದಿಕೋ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಎಬ್ಬಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಜಪ್ತಿ ಮಾಡಿದ್ದು ಹಣ್ಣು ತರಕಾರಿಯಾದರೆ ಬಂದು ಕೇಳಿದ ದಿನವೇ ವಾಪಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳೇ ಆರಿಸಿ ಕಳಿಸಿದವರಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಕಾಗದದಲ್ಲಿ ಇದೆಲ್ಲ ಇದೆ. ಮಂತ್ರಿಗಳು ಬರ್ತಾರೆ ಅಂದ ದಿನ ಮಾತ್ರ ಜೆಸಿಬಿಗೆ ಇದ್ಯಾವುದೂ ನೆನಪಿರೋದಿಲ್ಲ.

ಈ ವ್ಯಾಪಾರಿಗಳಿಗೆ ಕೊಡುವ ಗುರುತಿನ ಚೀಟಿ ಅಂದರೆ ಏನೋ ಒಂದು ಕಾರ್ಡು ಅಂದುಕೊಳ್ಳಬೇಡ. 2020ರಲ್ಲಿ ಪಿಎಂ ಸ್ವನಿಧಿ ಬಂದಾಗ 10,000 ರೂಪಾಯಿ ಸಾಲಕ್ಕೆ ಕೇಳಿದ್ದು ಆ ಚೀಟಿಯನ್ನು, ಇಲ್ಲವೇ ಪುರಸಭೆಯ ಶಿಫಾರಸು ಪತ್ರವನ್ನು. ಎರಡೂ ಇಲ್ಲದವರಿಗೆ ಮೀಟರ್ ಬಡ್ಡಿಯವರೇ ಗತಿ: ಬೆಳಿಗ್ಗೆ 900 ಕೈಗೆ, ಸಂಜೆ 1,000 ವಾಪಸು. ನಿಮ್ಮ ಕಚೇರಿಯ ಒಂದು ಸಹಿ ತಪ್ಪಿಸುವ ನಷ್ಟ ಇದು.

ಉದ್ದಿಮೆ ಪರವಾನಗಿ ಸಕಾಲದ ಅಡಿಯಲ್ಲೇ ಬರುತ್ತೆ. ಅರ್ಜಿ ಕೊಟ್ಟವರಿಗೆ ಸಕಾಲ ಸಂಖ್ಯೆ ಕೇಳಿ ಪಡೆಯೋಕೆ ಹೇಳು. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಮೊತ್ತ ಚಿಕ್ಕದೇ, ಆದರೆ ಗುಮಾಸ್ತನ ಹೆಸರು ದಾಖಲೆಗೆ ಹೋಗುತ್ತೆ ನೋಡು, ಅದಕ್ಕೆ ಹೆದರ್ತಾನೆ.

ಇನ್ನು ಪುರಸಭೆಯೇ ಊರಿನ ದೊಡ್ಡ ಗಿರಾಕಿ. ಪೌರಕಾರ್ಮಿಕರ ಸಮವಸ್ತ್ರ, ಬೆಳಗಿನ ತಿಂಡಿ, ರಸೀದಿ ಪುಸ್ತಕದ ಮುದ್ರಣ, ಕಸದ ಗಾಡಿಯ ವೆಲ್ಡಿಂಗ್. ಇದನ್ನೆಲ್ಲ ಒಂದೇ ದೊಡ್ಡ ಟೆಂಡರಿಗೆ ಸೇರಿಸಿ ಕರೆದರೆ ಸ್ತ್ರೀಶಕ್ತಿ ಸಂಘದ ಹೊಲಿಗೆಯವರು ಹತ್ತಿರವೂ ಬರಲಾರರು. ನಿಯಮದೊಳಗೇ ಬೇರೆ ಬೇರೆ ಕರೆಯಲು ಸಾಧ್ಯವಾದಲ್ಲಿ ಹಾಗೆ ಕರೆಸು. ಮಾಲು ತಗೊಂಡ ಮೇಲೆ ಬಿಲ್ಲು ಮೇಜಿಂದ ಮೇಜಿಗೆ ಅಲೆಯಬಾರದು. ನೋಂದಾಯಿತ ಸಣ್ಣ ಉದ್ದಿಮೆಯವರು ತಯಾರಿಸಿ ಕೊಟ್ಟದ್ದಕ್ಕೆ 45 ದಿನದೊಳಗೆ ಹಣ ಸಂದಾಯವಾಗಬೇಕು, ತಪ್ಪಿದರೆ ಬಡ್ಡಿ ಕೊಡಬೇಕು ಅನ್ನುತ್ತೆ 2006ರ ಕೇಂದ್ರ ಕಾಯ್ದೆ. ಸಬ್ಸಿಡಿಗಿಂತ ಅವರಿಗೆ ಬೇಕಾಗಿರೋದು ಇದು.

ಮೊದಲ ಸಾಮಾನ್ಯ ಸಭೆಯಲ್ಲಿ ಭಾಷಣ ಬೇಡ. ಪಟ್ಟಣ ವ್ಯಾಪಾರ ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ, ಸ್ಥಳೀಯರಿಗೆ ಕೊಡಬೇಕಾದ ಬಾಕಿ ಬಿಲ್ಲುಗಳು ಎಷ್ಟಿವೆ ಅಂತ ಕೇಳು. ಮುಖ್ಯಾಧಿಕಾರಿ ಕೊಡುವ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದ ಮೇಲೆಯೇ ಕೂತುಕೋ.