ಹಳೆಯ ಬಟ್ಟೆಯಿಂದ ಬಾಳಿಕೆಯ ಕೌದಿ

ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ಬಟ್ಟೆಗಳ ಗಂಟನ್ನು ಬಿಚ್ಚುತ್ತಾರೆ. ಸವೆದ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಕುಪ್ಪಸ ಹೊಲಿದು ಉಳಿದ ಖಣದ ತುಂಡು, ಇವೆಲ್ಲ ಸೇರಿ ಕೌದಿಯಾಗುತ್ತದೆ. ಹಾಸಲು, ಹೊದೆಯಲು, ಬಾಣಂತಿಯ ಕೋಣೆಗೆ, ತೊಟ್ಟಿಲಿಗೆ ಕೌದಿ ಬೇಕು. ಚೊಚ್ಚಲ ಹೆರಿಗೆಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕೂಸಿನ ಜೊತೆಗೆ ಒಂದು ಪುಟ್ಟ ಕೌದಿಯನ್ನು ಕೊಡುವ ಮನೆಗಳು ಈಗಲೂ ಇವೆ. ಮನೆಯಲ್ಲಿ ಬಿಡುವಿಲ್ಲದವರು ಗೊಂದಲಿಗರ ಹೆಣ್ಣುಮಕ್ಕಳನ್ನು ಕರೆಸಿ, ಬಟ್ಟೆ ದಾರ ಒದಗಿಸಿ, ಕೂಲಿ ಕೊಟ್ಟು ಹೊಲಿಸಿಕೊಳ್ಳುವುದೂ ಉಂಟು.

ಅಜ್ಜಿಯ ಕಾಲದ ಕೌದಿ ಇನ್ನೂ ಗಟ್ಟಿಯಾಗಿದೆ, ಈಚೆಗೆ ಹೊಲಿದದ್ದು ನಾಲ್ಕು ಒಗೆತಕ್ಕೆ ಮುದ್ದೆಯಾಯಿತು ಎಂಬ ದೂರು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಹೊಲಿಯುವ ಕೈ ಕೆಟ್ಟಿದೆ ಎನ್ನುವುದಕ್ಕಿಂತ ಗಂಟಿನೊಳಗಿನ ಬಟ್ಟೆ ಬದಲಾಗಿದೆ ಎನ್ನುವುದೇ ಸರಿ. ಹಿಂದೆ ಗಂಟಿನಲ್ಲಿದ್ದುದು ಬಹುಪಾಲು ಹತ್ತಿ. ಈಗ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್ ಇದ್ದರೂ ಆಶ್ಚರ್ಯವಿಲ್ಲ. ಎರಡನ್ನೂ ಒಂದೇ ಕೌದಿಯಲ್ಲಿ ಸೇರಿಸಿದಾಗ ತೊಂದರೆ ಆರಂಭವಾಗುತ್ತದೆ. ಪಾಲಿಯೆಸ್ಟರ್ ನುಣುಪು, ಗಟ್ಟಿ, ಒಗೆದರೆ ಕುಗ್ಗುವುದಿಲ್ಲ. ಹತ್ತಿ ಕುಗ್ಗುತ್ತದೆ, ಸವೆಯುತ್ತದೆ. ಪದರಗಳು ಒಂದರ ಮೇಲೊಂದು ಜಾರಿ, ಎಳೆತವೆಲ್ಲ ದಾರದ ಮೇಲೆ ಬಿದ್ದು, ದಾರವು ಸವೆದ ಹತ್ತಿಯನ್ನು ಕೊಯ್ಯುತ್ತದೆ. ಆದ್ದರಿಂದ ಕೌದಿಯ ಆಯುಸ್ಸು ಸೂಜಿ ಹಿಡಿಯುವ ಮೊದಲೇ, ಬಟ್ಟೆ ಆರಿಸುವಾಗಲೇ ನಿರ್ಧಾರವಾಗುತ್ತದೆ.

ಬಟ್ಟೆಯ ಆಯ್ಕೆ

ಕೈಯಿಂದ ಮುಟ್ಟಿ ನೋಡಿ ಹತ್ತಿ ಯಾವುದು ಎಂದು ಹೇಳುವುದು ಇಂದಿನ ಬಟ್ಟೆಗಳಲ್ಲಿ ಕಷ್ಟ. ಸುಟ್ಟು ನೋಡುವುದೇ ಸುಲಭವಾದ ಪರೀಕ್ಷೆ. ಬಟ್ಟೆಯ ಅಂಚಿನಿಂದ ನಾಲ್ಕಾರು ಎಳೆಗಳನ್ನು ಕಿತ್ತು, ಇಕ್ಕಳದಲ್ಲಿ ಹಿಡಿದು, ಕೆಳಗೆ ಸ್ಟೀಲಿನ ತಟ್ಟೆಯಿಟ್ಟು ದೀಪಕ್ಕೆ ಒಡ್ಡಬೇಕು. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಕೊಟ್ಟು ಉರಿದು, ಬೆರಳಲ್ಲಿ ಪುಡಿಯಾಗುವ ಬೂದಿಯನ್ನು ಬಿಡುತ್ತದೆ. ಪಾಲಿಯೆಸ್ಟರ್ ಉರಿಯಿಂದ ಹಿಂದೆ ಸರಿಯುತ್ತ ಕರಗಿ, ಆರಿದ ಮೇಲೆ ಕರಿಯ ಗಟ್ಟಿ ಮಣಿಯಾಗುತ್ತದೆ. ಕೂದಲು ಸುಟ್ಟ ವಾಸನೆ ಬಂದರೆ ಅದು ರೇಷ್ಮೆ ಅಥವಾ ಉಣ್ಣೆ. ಟೆರಿಕಾಟ್‌ನಂಥ ಮಿಶ್ರ ಬಟ್ಟೆಯಲ್ಲಿ ಬೂದಿಯೂ ಮಣಿಯೂ ಎರಡೂ ಕಾಣುತ್ತವೆ. ಇಳಕಲ್ ಸೀರೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಡಲು ಹತ್ತಿಯದಾಗಿದ್ದರೂ ಸೆರಗು ಅನೇಕ ವೇಳೆ ರೇಷ್ಮೆಯದು ಇಲ್ಲವೆ ಕೃತಕ ರೇಷ್ಮೆಯದು. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಹತ್ತಿಯದನ್ನು ಒಂದು ಕಡೆ, ಉಳಿದದ್ದನ್ನು ಇನ್ನೊಂದು ಕಡೆ ಗುಡ್ಡೆ ಹಾಕಬೇಕು. ಪಾಲಿಯೆಸ್ಟರನ್ನು ಎಸೆಯುವ ಅಗತ್ಯವಿಲ್ಲ. ಅದರಿಂದಲೇ ಪ್ರತ್ಯೇಕವಾಗಿ ಬಾಗಿಲ ಮುಂದಿನ ಕಾಲೊರಸು, ಟ್ರ್ಯಾಕ್ಟರಿನ ಸೀಟಿನ ಹಾಸು ಹೊಲಿಯಬಹುದು. ಆದರೆ ಬಾಣಂತಿ ಮತ್ತು ಕೂಸಿನ ಕೌದಿಗೆ ಅದು ಸಲ್ಲದು. ಬೆವರನ್ನು ಹೀರುವುದಿಲ್ಲ ಎಂಬುದು ಒಂದು ಕಾರಣ. ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿಯ ಹೊಗೆ ಇರುವುದು ಇನ್ನೊಂದು. ಕಿಡಿ ಬಿದ್ದರೆ ಹತ್ತಿಯೂ ಸುಡುತ್ತದೆ, ಆದ್ದರಿಂದ ಯಾವ ಕೌದಿಯನ್ನೂ ಕೆಂಡದ ಹತ್ತಿರ ಬಿಡಬಾರದು. ಆದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಂಡು ಗಾಯವನ್ನು ಇನ್ನಷ್ಟು ಆಳ ಮಾಡುತ್ತದೆ.

ಇದಕ್ಕಿಂತಲೂ ಮುಖ್ಯವಾದ ಮಾತು ಒಂದಿದೆ. ಬೆಳೆಗೆ ಔಷಧ ಸಿಂಪಡಿಸುವಾಗ ತೊಟ್ಟ ಅಂಗಿ, ಲುಂಗಿ, ತಲೆಗೆ ಸುತ್ತಿದ ಟವೆಲ್ಲು ಇವುಗಳನ್ನು ಕೌದಿಯ ಗಂಟಿಗೆ ಸೇರಿಸಲೇಬಾರದು. ಕೀಟನಾಶಕದ ಅಂಶ ನೂಲಿನೊಳಗೆ ಇಳಿದಿರುತ್ತದೆ. ಎಷ್ಟು ಸಲ ಒಗೆದರೂ ಪೂರ್ಣವಾಗಿ ಹೋಯಿತೆಂದು ಹೇಳಲಾಗದು. ಬಟ್ಟೆ ಮೆತ್ತಗಿದೆ, ಶುದ್ಧ ಹತ್ತಿಯದಿದೆ ಎಂಬ ಆಸೆಯಿಂದ ಅದನ್ನು ತೊಟ್ಟಿಲ ಕೌದಿಯ ಒಳಪದರಕ್ಕೆ ಹಾಕಿದರೆ, ಕೂಸಿನ ಮೈ ಇಡೀ ರಾತ್ರಿ ಅದರ ಮೇಲೆಯೇ ಇರುತ್ತದೆ. ಗಂಟು ಕಟ್ಟುವವರು ಹೆಂಗಸರು, ಔಷಧ ಹೊಡೆಯುವವರು ಗಂಡಸರು. ಯಾವ ಬಟ್ಟೆ ಹೊಲಕ್ಕೆ ಹೋಗಿತ್ತು ಎಂಬುದು ಗಂಟಿನಲ್ಲಿ ತಿಳಿಯುವುದಿಲ್ಲ. ಸಿಂಪರಣೆಯ ಬಟ್ಟೆಗೆ ಕೊರಳಪಟ್ಟಿಯ ಹತ್ತಿರ ಕೆಂಪು ದಾರದ ಗುರುತು ಹೊಲಿದಿಟ್ಟು, ಅದನ್ನು ಯಾವಾಗಲೂ ಬೇರೆಯಾಗಿಯೇ ಒಗೆದು ಇಡುವುದು ಒಳ್ಳೆಯ ರೂಢಿ.

ಆರಿಸಿದ ಬಟ್ಟೆಯನ್ನು ಸೋಪು ಹಾಕಿದ ಬಿಸಿ ನೀರಿನಲ್ಲಿ ಒಗೆದು, ಗಂಜಿಯ ಅಂಶ ಪೂರ್ತಿ ಹೋಗುವಂತೆ ಜಾಲಿಸಿ, ಬಿಸಿಲಿನಲ್ಲಿ ಒಣಗಿಸಬೇಕು. ಗಂಜಿ ಉಳಿದರೆ ಹುಳು ಬೀಳುತ್ತದೆ. ಹಳೆಯ ಸೀರೆ ಈಗಾಗಲೇ ಕುಗ್ಗಿ ನಿಂತಿರುತ್ತದೆ. ಹೊಸ ತುಂಡು ಹಾಗಲ್ಲ, ಗಜಕ್ಕೆ ಒಂದೆರಡು ಅಂಗುಲ ಕುಗ್ಗಬಹುದು. ಒಗೆಯದೆ ಸೇರಿಸಿದ ಹೊಸ ತುಂಡು ಮುಂದೆ ಸುತ್ತಲಿನ ಬಟ್ಟೆಯನ್ನೆಲ್ಲ ಎಳೆದು ನೆರಿಗೆ ಮಾಡುತ್ತದೆ. ಕೆಂಪು, ಕಪ್ಪು ಬಟ್ಟೆಗಳನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಉಜ್ಜಿ ನೋಡಬೇಕು. ಬಣ್ಣ ಬಿಡುವುದು ನಿಲ್ಲುವವರೆಗೆ ಒಗೆಯಬೇಕು, ನಿಲ್ಲದಿದ್ದರೆ ಆ ಬಟ್ಟೆಯನ್ನು ಕೈಬಿಡಬೇಕು. ಉಪ್ಪುನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎಂದು ಹೇಳುವುದುಂಟು. ಅದನ್ನು ನಂಬಿ ಒಳ್ಳೆಯ ಬಿಳಿ ಧೋತರದ ಪಕ್ಕದಲ್ಲಿ ಹಾಕುವುದು ಬೇಡ.

ಅಳತೆ ಮತ್ತು ಪದರ

ದೊಡ್ಡವರ ಕೌದಿಗೆ 5 ಅಡಿ ಅಗಲ, ಏಳೂವರೆ ಅಡಿ ಉದ್ದ ಅನುಕೂಲ. ಸೀರೆಯ ಪನ್ನ ಸುಮಾರು 45 ಅಂಗುಲ ಇರುವುದರಿಂದ 5 ಅಡಿ ಉದ್ದದ ಎರಡು ತುಂಡುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದರೆ ಒಂದು ಪದರವಾಯಿತು. 6 ಗಜದ ಸೀರೆ 18 ಅಡಿ. ನೆರಿಗೆಯ ಕೆಳಭಾಗ, ಕುಳಿತು ಸವೆದ ಭಾಗ, ಹೆಗಲ ಮೇಲಿನ ಭಾಗ ಇವನ್ನು ತೆಗೆದರೆ ಎರಡು ತುಂಡು ಖಂಡಿತ ಸಿಗುತ್ತವೆ. ಹೀಗಾಗಿ ಪದರಕ್ಕೊಂದು ಸೀರೆ ಎಂಬ ಲೆಕ್ಕ ಹಿಡಿಯಬಹುದು. ಬೇಸಿಗೆಯ ಹೊದಿಕೆಗೆ ಮೂರು ಪದರ ಸಾಕು, ಚಳಿಗೆ ಐದಾರು ಪದರ ಬೇಕು. ಆರಕ್ಕಿಂತ ಹೆಚ್ಚಾದರೆ ಸೂಜಿ ಹೋಗುವುದಿಲ್ಲ, ಒಗೆಯುವವರಿಗೂ ಕಷ್ಟ.

ಗುಂಡಿ, ಹುಕ್ಕು, ದಪ್ಪ ಹೊಲಿಗೆ, ಕಿಸೆ ಎಲ್ಲವನ್ನೂ ಬಿಚ್ಚಿ ತೆಗೆಯಬೇಕು. ಗಟ್ಟಿಯಾದ ಬಟ್ಟೆ ಕೆಳಗೆ ಮತ್ತು ಮೇಲೆ, ಸವೆದದ್ದು ನಡುವೆ. ಒಳಪದರದ ತುಂಡುಗಳ ಕೂಡುಗಳು ಒಂದರ ಮೇಲೊಂದು ಬರದಂತೆ ಸರಿಸಿ ಹಾಸಬೇಕು. ಗುಡಿಸಿದ ಸಮ ನೆಲದ ಮೇಲೆ ಚಾಪೆ ಹಾಸಿ, ತಳದ ಪದರವನ್ನು ಬಿಡಿಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ, ಒಂದೊಂದೇ ಪದರವನ್ನು ನಡುವಿನಿಂದ ಅಂಚಿಗೆ ಅಂಗೈಯಿಂದ ಸವರುತ್ತ ಕೂರಿಸಬೇಕು. ಈ ಕೆಲಸಕ್ಕೆ ಇಬ್ಬರಿದ್ದರೆ ಲೇಸು.

ಹೊಲಿಗೆ

ಪಳಗಿದವರು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತು ಹಾಕುತ್ತ ಒಳಗೊಳಗೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ನೋಡಲು ಇದು ಅತಿ ಚೆಂದ. ಆದರೆ ಹೊಸಬರು ಹೀಗೆ ಮಾಡಲು ಹೋದರೆ ಸಡಿಲ ಬಟ್ಟೆಯೆಲ್ಲ ನಡುವಿಗೆ ಬಂದು ಗುಬ್ಬಿ ಏಳುತ್ತದೆ. ಅವರು ಮೊದಲು ನಡುವಿನಿಂದ ನಾಲ್ಕೂ ಕಡೆಗೆ ಉದ್ದುದ್ದ ಕಚ್ಚಾ ಟಾಕೆ ಹಾಕಿಕೊಂಡು, ಪೂರ್ತಿ ಹೊಲಿದಾದ ಮೇಲೆ ಅದನ್ನು ಬಿಚ್ಚುವುದು ಉತ್ತಮ.

ದಪ್ಪ ಹತ್ತಿ ದಾರವನ್ನೇ ಬಳಸಬೇಕು. ನೈಲಾನ್ ದಾರ ಗಟ್ಟಿಯೇನೋ ಹೌದು, ಆದರೆ ಅದು ಹಳೆಯ ಬಟ್ಟೆಯನ್ನು ಗರಗಸದಂತೆ ಕೊಯ್ಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ಕೌದಿಯೇ ಹೋಯಿತು. ಒಂದು ಸಲಕ್ಕೆ ಎರಡು ಮೊಳಕ್ಕಿಂತ ಉದ್ದದ ದಾರ ಪೋಣಿಸಬಾರದು. ಗಂಟು ಪದರಗಳ ನಡುವೆ ಅಡಗಿರಬೇಕು. ಬಲಗೈಯ ನಡುಬೆರಳಿಗೆ ಅಂಗುಸ್ತಾನ ತೊಟ್ಟು ಸೂಜಿಯನ್ನು ನೇರವಾಗಿ ಒತ್ತಿ, ಕೆಳಗೆ ಎಡಗೈ ಬೆರಳಿಗೆ ಮೊನೆ ತಾಗಿತೆಂದು ತಿಳಿದ ಮೇಲೆಯೇ ಮೇಲಕ್ಕೆ ತರಬೇಕು. ಹಾಗಲ್ಲದಿದ್ದರೆ ಕೆಳಪದರ ತಪ್ಪಿಹೋಗುತ್ತದೆ. ಬಿಗಿಯಾಗಿ ಎಳೆದರೆ ಸುಕ್ಕು, ಸಡಿಲ ಬಿಟ್ಟರೆ ಮಲಗಿದವರ ಕಾಲ್ಬೆರಳು ಸಿಕ್ಕಿ ದಾರ ಕಿತ್ತುಬರುತ್ತದೆ. ಸಾಲು ಸಾಲಿನ ನಡುವೆ ಮುಕ್ಕಾಲು ಅಂಗುಲ ಬಿಡಬಹುದು. ಕೊನೆಗೆ ಹೊಸದಾದ ಗಟ್ಟಿ ಬಟ್ಟೆಯ ಪಟ್ಟಿಯಿಂದ ಅಂಚು ಕಟ್ಟಬೇಕು, ಏಕೆಂದರೆ ಕೌದಿ ಮೊದಲು ಸವೆಯುವುದು ಅಂಚಿನಲ್ಲಿ.

ಅಂದ

ಅಂದಕ್ಕೆ ಹೊಸ ಮಾದರಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳು ಇಂದು ಹೊರದೇಶಗಳ ಪ್ರದರ್ಶನಗಳಲ್ಲಿಯೂ ಕಾಣಿಸಿಕೊಂಡಿವೆ. 2004ರಲ್ಲಿ ಅವರದೇ ಸಹಕಾರಿ ಗುಂಪು ಏರ್ಪಟ್ಟಿತು. ಅವರು ಬಣ್ಣದ ತುಂಡುಗಳನ್ನು ಅಳತೆಗೋಲಿಟ್ಟು ಕತ್ತರಿಸುವುದಿಲ್ಲ. ಸಿಕ್ಕ ತುಂಡನ್ನು ಸಿಕ್ಕ ಆಕಾರದಲ್ಲೇ ಇಟ್ಟು, ಪಕ್ಕದ ಬಣ್ಣ ನೋಡಿ ಮುಂದಿನದನ್ನು ಆರಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಪದರ ಪದರವಾಗಿ ಹೂ ಕೂರಿಸುತ್ತಾರೆ. ಮೂಲೆಯಲ್ಲಿ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬರಿಮೈ. ಇದನ್ನು ಯಾರಾದರೂ ಕಲಿಯಬಹುದು. ಬಯಲುಸೀಮೆಯವರಿಗಾದರೆ ಖಣದ ತುಂಡು, ಇಳಕಲ್ ಸೀರೆಯ ದಡಿ ಇವೆ. ದಡಿಗಳನ್ನು ಕತ್ತರಿಸಿ ಅಂಚಿಗೆ, ಗಾಢ ಬಣ್ಣಗಳನ್ನು ಅದರ ಒಳಸುತ್ತಿಗೆ, ತಿಳಿ ಬಣ್ಣವನ್ನು ನಡುವಿಗೆ ಇಟ್ಟರೆ ಹೊಲಿಗೆಯ ಸಾಲುಗಳು ಎದ್ದು ಕಾಣುತ್ತವೆ. ಇದೇ ರೀತಿಯಲ್ಲಿ ದಿಂಬಿನ ಗವಸು, ಕೈಚೀಲ, ಗೋಡೆಗೆ ತೂಗುಹಾಕುವ ಸಣ್ಣ ಹಾಸುಗಳನ್ನೂ ಮಾಡಬಹುದು.

ತೊಟ್ಟಿಲ ಕೌದಿ 3 ಅಡಿಗೆ ಎರಡೂವರೆ ಅಡಿ ಇದ್ದರೆ ಸಾಕು, ಮೂರೇ ಪದರ. ಇದಕ್ಕೆ ಕನ್ನಡಿ ಚೂರು, ಮಣಿ, ಗುಂಡಿ, ಜರಿ ಯಾವುದೂ ಬೇಡ. ಕೂಸು ಎಲ್ಲವನ್ನೂ ಬಾಯಿಗೆ ಹಾಕುತ್ತದೆ. ಎಳೆಯ ಕೂಸಿಗೆ ಇದನ್ನು ಕೆಳಗೆ ಬಿಗಿಯಾಗಿ ಹಾಸಬೇಕೇ ವಿನಾ ಮುಖದ ಹತ್ತಿರ ಬರುವಂತೆ ಹೊದಿಸಬಾರದು. ನುಸಿಗುಳಿಗೆ ಹಾಕಿಟ್ಟ ಬಟ್ಟೆಯೂ ಎಳೆಗೂಸಿಗೆ ಸಲ್ಲದು. ಕೆಲವು ಶಿಶುಗಳಲ್ಲಿ ಅದರ ಆವಿಯಿಂದ ರಕ್ತಕಣಗಳು ಒಡೆದು ಕಾಮಾಲೆ ಉಲ್ಬಣಿಸುತ್ತದೆ. ಒಣ ಬೇವಿನ ಸೊಪ್ಪು, ಆಗಾಗ ಬಿಸಿಲು ಸಾಕು.

ಬೆಲೆ ಕಟ್ಟುವ ಬಗೆ

ಹಳೆಯ ಬಟ್ಟೆಗೆ ಕಾಸಿಲ್ಲ, ಆದ್ದರಿಂದ ಕೌದಿಗೂ ಬೆಲೆಯಿಲ್ಲ ಎಂಬ ಭಾವನೆಯಿಂದ ಮಹಿಳೆಯರು ತಾವೇ ನಷ್ಟ ಮಾಡಿಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಬೇಕು. ಮೇಲೆ ಹೇಳಿದ ಅಳತೆಯ ಕೌದಿಯಲ್ಲಿ, ಮುಕ್ಕಾಲು ಅಂಗುಲಕ್ಕೊಂದು ಸಾಲಿನಂತೆ, ಒಟ್ಟು 600 ಅಡಿ ಅಂದರೆ 400 ಮೊಳ ಹೊಲಿಗೆ ಬೀಳುತ್ತದೆ. ಅಂಗುಲಕ್ಕೆ ಮೂರು ಟಾಕೆಯಂತೆ 21,600 ಟಾಕೆ. ಒಂದು ಮೊಳ ಹೊಲಿಯಲು ತಮಗೆ ಎಷ್ಟು ನಿಮಿಷ ಬೇಕು ಎಂಬುದನ್ನು ಪ್ರತಿಯೊಬ್ಬರೂ ಗಡಿಯಾರ ನೋಡಿ ತಿಳಿದುಕೊಳ್ಳಬೇಕು. 5 ನಿಮಿಷ ಎಂದಿಟ್ಟುಕೊಂಡರೆ 33 ಗಂಟೆಗೂ ಮೇಲಾಯಿತು. ದಿನಕ್ಕೆ 6 ಗಂಟೆ ಕುಳಿತರೆ ಐದೂವರೆ ದಿನ. ಒಗೆತ, ಕತ್ತರಿಸುವುದು, ಹಾಸುವುದು, ಅಂಚು ಕಟ್ಟುವುದು ಸೇರಿ ಏಳು ದಿನ.

ಊರಿನಲ್ಲಿ ಕಳೆ ತೆಗೆಯಲು ದಿನಗೂಲಿ 300 ರೂಪಾಯಿ ಇದ್ದರೆ ಕೂಲಿಯೇ 2,100 ರೂಪಾಯಿ ಆಗುತ್ತದೆ. ದಾರ, ಅಂಚಿನ ಬಟ್ಟೆ, ಸೋಪಿನ ಖರ್ಚು ಬೇರೆ. ಅದೇ ಕೌದಿಯನ್ನು 800 ರೂಪಾಯಿಗೆ ಕೊಟ್ಟವಳಿಗೆ ದಿನಕ್ಕೆ 115 ರೂಪಾಯಿಯೂ ಬೀಳಲಿಲ್ಲ. ಸೂಜಿಯ ಕೆಲಸಕ್ಕೆ ಕಳೆ ಕೀಳುವಷ್ಟೂ ಕೂಲಿ ಇಲ್ಲವೆಂದರೆ ಮಗಳು ಅದನ್ನು ಕಲಿಯಲು ಯಾಕೆ ಕೂರುತ್ತಾಳೆ? ದೊಡ್ಡ ಕೌದಿಗೆ ಆ ಬೆಲೆ ಕೊಡುವವರು ಸಿಗದಿದ್ದರೆ ತೊಟ್ಟಿಲ ಕೌದಿ ಹೊಲಿಯುವುದು ಜಾಣತನ. ಅದರಲ್ಲಿ ಹೊಲಿಗೆ 80 ಮೊಳ ಮಾತ್ರ. ಬಟ್ಟೆ ಸಿದ್ಧವಿದ್ದರೆ ಒಂದು ದಿನದ ಕೆಲಸ. ಕೂಸು ನೋಡಲು ಹೋಗುವವರು ಇಂಥದ್ದನ್ನು ಕೊಳ್ಳಲು ಹಿಂಜರಿಯುವುದಿಲ್ಲ. ಸ್ವಸಹಾಯ ಗುಂಪಿನವರು ಒಟ್ಟಿಗೆ ಕುಳಿತು ಒಂದೇ ಅಳತೆ, ಒಂದೇ ಬೆಲೆ ಗೊತ್ತುಮಾಡಿಕೊಂಡರೆ ಚೌಕಾಸಿಗೆ ಎಡೆಯಿರುವುದಿಲ್ಲ. ಮಾರುವ ಕೌದಿಗೆ ‘ಪೂರ್ತಿ ಹತ್ತಿ’ ಎಂಬ ಚೀಟಿ ಹೊಲಿಯುವುದಾದರೆ ಒಳಪದರವೂ ಹತ್ತಿಯೇ ಆಗಿರಬೇಕು. ಒಳಗೆ ಏನಿದೆ ಎಂದು ಕೊಳ್ಳುವವರು ಬಿಚ್ಚಿ ನೋಡಲಾರರು.

ಒಗೆತ

ನೆನೆದ ಕೌದಿ ಬಲು ಭಾರ. ಇಬ್ಬರು ಹಿಡಿದು ಒಗೆಯಬೇಕು, ಹಿಂಡಿ ತಿರುಚಬಾರದು. ಕಲ್ಲಿಗೆ ಅಪ್ಪಳಿಸಿದರೆ ದಾರ ತುಂಡಾಗುತ್ತದೆ. ಒಂದೇ ಹಗ್ಗಕ್ಕೆ ನೇತುಹಾಕದೆ, ಎರಡು ಮೂರು ಹಗ್ಗಗಳ ಮೇಲೆ ಭಾರ ಹಂಚುವಂತೆ ಹರಡಿ, ಮಧ್ಯಾಹ್ನಕ್ಕೊಮ್ಮೆ ಮಗುಚಿ ಒಣಗಿಸಬೇಕು. ಮಳೆಗಾಲದಲ್ಲಿ ಒಗೆಯದಿರುವುದೇ ಲೇಸು; ಒಳಪದರ ಆರದೆ ಮುಗ್ಗುತ್ತದೆ. ಮೇಲಿನ ಪದರ ಹರಿದಾಗ ಕೌದಿಯನ್ನು ಬಿಚ್ಚಬೇಕಾಗಿಲ್ಲ. ಹಳೆಯದನ್ನೇ ನಡುವಿಗಿಟ್ಟು, ಕೆಳಗೆ ಮೇಲೆ ಒಂದೊಂದು ಗಟ್ಟಿ ಸೀರೆ ಹಾಕಿ, ಹಳೆಯ ಸಾಲುಗಳ ನಡುವಿನ ಜಾಗದಲ್ಲಿ ಸೂಜಿ ಇಳಿಸುತ್ತ ಹೋದರೆ ಆಯಿತು.