ಶುಶ್ರೂಷಾ ಶಿಕ್ಷಣದಲ್ಲಿ ಕೈಯಾರೆ ಕಲಿಕೆ

ರೋಗಿಯ ಆರೈಕೆ ದಾದಿಯ ಒಂದು ಕರ್ತವ್ಯ. ರೋಗ ಬಾರದಂತೆ ಜನರಿಗೆ ತಿಳಿಯಹೇಳುವುದು ಅಷ್ಟೇ ಹಿರಿದಾದ ಇನ್ನೊಂದು ಕರ್ತವ್ಯ. ಈ ಎರಡನೆಯದನ್ನು ವಿದ್ಯಾರ್ಥಿನಿಯರಿಗೆ ಕಲಿಸುವ ಬಗೆ ಯಾವುದೆಂಬುದನ್ನು ಇಲ್ಲಿ ವಿಚಾರಿಸೋಣ.

ನಮ್ಮ ಜತ್ತ ತಾಲೂಕು ಮಳೆ ಕಡಿಮೆಯಾದ ಸೀಮೆ. ಬರಗಾಲದ ವರ್ಷಗಳಲ್ಲಿ ಅನೇಕ ಊರುಗಳಿಗೆ ಟ್ಯಾಂಕರಿನ ನೀರೇ ಗತಿ. ಕೊಡಗಳಲ್ಲಿ ತುಂಬಿಟ್ಟ ನೀರು ಕೆಟ್ಟರೆ ಮೊದಲು ಬಳಲುವವರು ಮಕ್ಕಳು. ಉಮದಿ, ಸಂಖ, ಗುಡ್ಡಾಪುರಗಳ ಕಡೆ ಎಷ್ಟೋ ಮನೆಗಳಲ್ಲಿ ತಾಯಂದಿರ ಮಾತು ಕನ್ನಡ. ದಾದಿಯ ಪಠ್ಯವಾದರೋ ಇಂಗ್ಲಿಷಿನದು. ಪುಸ್ತಕದ ಮಾತು ತಾಯಿಯ ಕೈಗೆ ಮುಟ್ಟಬೇಕಾದರೆ ಬರಿಯ ಉಪನ್ಯಾಸ ಸಾಲದು.

ಭೇದಿಯಾದ ಮಗುವಿಗೆ ಕೊಡುವ ನೀರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒ.ಆರ್.ಎಸ್. ಪುಡಿ ದೊರೆಯದಾಗ, 1 ಲೀಟರು ಶುದ್ಧ ನೀರಿಗೆ ಚಹಾ ಚಮಚೆಯಿಂದ ಮಟ್ಟಸವಾಗಿ ಅಳೆದು 6 ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರೆಸಬೇಕು. ಇದನ್ನು ಬಾಯಿಪಾಠ ಮಾಡುವುದು ಸುಲಭ. ಆದರೆ ತಾಯಿಯ ಚಮಚೆ ದೊಡ್ಡದಿರಬಹುದು, ತಂಬಿಗೆ ಚಿಕ್ಕದಿರಬಹುದು. ಉಪ್ಪು ಹೆಚ್ಚಾದರೆ ಅದೇ ನೀರು ಮಗುವಿಗೆ ಅಪಾಯಕರ.

ಆದುದರಿಂದ ಪಾಠವು ನಾಲ್ಕು ಹಂತಗಳಲ್ಲಿ ಸಾಗಬೇಕು. ಮೊದಲನೆಯದಾಗಿ, ಶಿಕ್ಷಕರು ಮಾಡಿ ತೋರಿಸಬೇಕು. ಎರಡನೆಯದಾಗಿ, ವಿದ್ಯಾರ್ಥಿನಿಯು ಮನೆಬಳಕೆಯ ತಂಬಿಗೆಗಳನ್ನು ಲೀಟರಿನ ಅಳತೆಗೆ ಹೋಲಿಸಿ, ತಾನೇ ಬೆರೆಸಿ ರುಚಿ ನೋಡಬೇಕು. ಅದು ಕಣ್ಣೀರಿಗಿಂತ ಉಪ್ಪಾಗಿರಕೂಡದು. ಮೂರನೆಯದಾಗಿ, ಮನೆಗೆ ಹೋಗಿ ತಾಯಿಯ ಕೈಯಿಂದಲೇ, ಅವಳ ಪಾತ್ರೆಯಲ್ಲಿಯೇ ಮಾಡಿಸಬೇಕು. “ತಿಳೀತೇನ್ರಿ?” ಎಂದು ಕೇಳಿದರೆ ಯಾರೂ “ತಿಳೀತ್ರಿ” ಎಂದೇ ಅನ್ನುವರು. “ಯಕ್ಕಾ, ಒಮ್ಮೆ ನೀವು ಮಾಡಿ ತೋರಸ್ರಿ” ಎಂದಾಗಲೇ ನಿಜ ತಿಳಿಯುವುದು. ತಪ್ಪು ಕಂಡರೆ ತಾಯಿಯನ್ನು ಜರಿಯದೆ ತನ್ನ ಬೋಧನೆಯನ್ನು ತಿದ್ದಿಕೊಳ್ಳಬೇಕು. ಎದೆಹಾಲನ್ನು ನಿಲ್ಲಿಸಬಾರದೆಂದೂ, ಕಣ್ಣು ಗುಳಿಬಿದ್ದರೆ, ಮಗು ಕುಡಿಯದಾದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ದವಾಖಾನೆಗೆ ಒಯ್ಯಬೇಕೆಂದೂ ತಾಯಿಯ ಬಾಯಿಂದಲೇ ಹೇಳಿಸಬೇಕು. ನಾಲ್ಕನೆಯದಾಗಿ, ಕೆಲವು ದಿನಗಳ ಮೇಲೆ ಮರಳಿ ಹೋಗಿ, ಕಲಿತದ್ದು ಉಳಿದಿದೆಯೇ ಎಂದು ನೋಡಬೇಕು.

ಈ ಮಾರ್ಗವನ್ನು ಅನುಭವವೇ ಸಮರ್ಥಿಸಿದೆ. ನಮ್ಮಂತೆಯೇ ಬರಗಾಲದ ಸೀಮೆಯಾದ ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಜಾಮಖೇಡದಲ್ಲಿ ಡಾ. ರಜನಿಕಾಂತ ಮತ್ತು ಡಾ. ಮೇಬೆಲ್ ಆರೋಳೆ ದಂಪತಿಗಳು 1970ರಲ್ಲಿ ಗ್ರಾಮಾರೋಗ್ಯದ ಕಾರ್ಯವನ್ನು ಆರಂಭಿಸಿದರು. ಓದುಬರಹ ಅರಿಯದ ಹಳ್ಳಿಯ ಹೆಣ್ಣುಮಕ್ಕಳೂ ಅಲ್ಲಿ ತರಬೇತಿ ಹೊಂದಿ, ತಮ್ಮ ಊರುಗಳ ಆರೋಗ್ಯ ಕಾರ್ಯಕರ್ತೆಯರಾದರು. ಅಕ್ಷರ ಬಾರದವರಿಗೆ ಸಾಧ್ಯವಾದದ್ದು ಪದವಿ ಪಡೆಯುವವರಿಗೆ ಅಸಾಧ್ಯವೇ?

ನಮ್ಮ ಕನ್ನಡ ಶಾಲೆಗಳಿಂದ ಶುಶ್ರೂಷಾ ಶಿಕ್ಷಣಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಇಲ್ಲಿಯ ತಾಯಂದಿರ ಭಾಷೆ ಹುಟ್ಟಿನಿಂದಲೇ ಬಂದಿದೆ. ಅದು ಪರೀಕ್ಷೆಯಲ್ಲಿ ಅಂಕ ತಾರದಿರಬಹುದು. ಆದರೆ ನಡುರಾತ್ರಿ ಮಗುವಿಗೆ ಭೇದಿ ಹತ್ತಿದಾಗ, ಆ ಭಾಷೆಯಲ್ಲಿ ಕಲಿತ ತಾಯಿಯ ಕೈ ತಡವರಿಸದು.