ಬಂದರಿನಿಂದ ಬಿಸಿನೆಲಕ್ಕೆ: ಮನೆಮಂದಿಯನ್ನು ಸುತ್ತಾಡಿಸಿ ಕಲಿತದ್ದು

ಆಕ್ಲೆಂಡಿನಲ್ಲಿ ವ್ಯಾನು ಇಟ್ಟುಕೊಂಡು, ಊರಿಂದ ಬರುವ ಕುಟುಂಬಗಳನ್ನು ಸುತ್ತಾಡಿಸುವುದು ನನ್ನ ಕೆಲಸ. ಹೆಚ್ಚಿನವರು ಇಲ್ಲಿರುವ ಮಗ-ಸೊಸೆಯನ್ನೋ ಮಗಳು-ಅಳಿಯನನ್ನೋ ನೋಡಲು ಬಂದ ಹಿರಿಯರು, ಜೊತೆಗೆ ಮೊಮ್ಮಕ್ಕಳು. ದುಡಿಯುವವರಿಗೆ ರಜೆ ಸಿಗುವುದು ನಾಲ್ಕೈದು ದಿನ. ಅಷ್ಟರಲ್ಲಿ ಆಕ್ಲೆಂಡಿನ ಬಂದರೂ ಆಗಬೇಕು, ರೊಟೊರುವಾದ ಬಿಸಿನೀರಿನ ಬುಗ್ಗೆಗಳೂ ಆಗಬೇಕು. ಆಗುತ್ತದೆ. ಆದರೆ ಅಜ್ಜಿಯ ಮಂಡಿ, ಮೊಮ್ಮಗನ ಹಸಿವು ಇವೆರಡನ್ನು ನೋಡಿಕೊಂಡು ದಿನವನ್ನು ಹೊಂದಿಸಬೇಕು. ನೋಡುವ ಜಾಗಗಳ ಪಟ್ಟಿ ಆಮೇಲಿನದು.

1. ಮೊದಲು ತಣ್ಣಗಾದ ಬೆಟ್ಟ, ಆಮೇಲೆ ಕುದಿಯುವ ನೆಲ

ಬಂದವರಿಗೆ ರೊಟೊರುವಾದ ಅವಸರ. ನಾನು ಮಾತ್ರ ಮೊದಲು ಆಕ್ಲೆಂಡನ್ನೇ ತೋರಿಸುತ್ತೇನೆ. ಈ ನಗರ ಕೂತಿರುವುದೇ ಐವತ್ತಕ್ಕೂ ಹೆಚ್ಚು ಜ್ವಾಲಾಮುಖಿಗಳ ಮೇಲೆ. ಮೌಂಟ್ ಈಡನ್, ಅಂದರೆ ಇಲ್ಲಿನ ಮೂಲನಿವಾಸಿ ಮಾವೊರಿ ಜನರ ಮೌಂಗಫಾವು, 196 ಮೀಟರ್ ಎತ್ತರ. ಅದರ ನೆತ್ತಿಯಲ್ಲಿ ಸುಮಾರು 50 ಮೀಟರ್ ಆಳದ ಕುಳಿ, ತುಂಬ ಹಸಿರು ಹುಲ್ಲು. ಮಾವೊರಿಗಳಿಗೆ ಅದು ಪವಿತ್ರ ಜಾಗ, ಕುಳಿಯೊಳಗೆ ಇಳಿಯುವಂತಿಲ್ಲ. ಅಂಚಿನ ಮರದ ಹಾದಿಯಲ್ಲಿ ನಿಂತು ನೋಡಿದರೆ ಒಂದು ಕಡೆ ವೈಟೆಮಟಾ ಬಂದರು, ಇನ್ನೊಂದು ಕಡೆ ಮನುಕಾವು ಬಂದರು. ವಿಮಾನ ನಿಲ್ದಾಣ ಇರುವುದು ಈ ಮನುಕಾವು ದಡದಲ್ಲಿ. ಎರಡರ ನಡುವೆ ನೆಲ ಎಷ್ಟು ಕಿರಿದೆಂದರೆ ಒಂದು ಕಡೆ ಅದು ಒಂದು ಕಿಲೋಮೀಟರಿಗೆ ಸ್ವಲ್ಪ ಮೇಲೆ ಅಷ್ಟೇ. ಹಿಂದೆ ಮಾವೊರಿಗಳು ಅಲ್ಲಿ ತಮ್ಮ ದೋಣಿಗಳನ್ನು ಎಳೆದುಕೊಂಡೇ ಈ ನೀರಿನಿಂದ ಆ ನೀರಿಗೆ ದಾಟುತ್ತಿದ್ದರು.

ತಣ್ಣಗಿರುವ ಕುಳಿಯನ್ನು ಮೊದಲು ಕಂಡ ಮಕ್ಕಳು ರೊಟೊರುವಾದಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಎರಡೂ ಕಡೆಯ ಬೆಂಕಿ ಒಂದೇ ಅಲ್ಲ ಎಂದು ಆಗ ಹೇಳಬಹುದು. ರೊಟೊರುವಾದ ಕಡೆ ಪೆಸಿಫಿಕ್ ಭೂಫಲಕ ಭೂಮಿಯ ಒಳಕ್ಕೆ ನುಗ್ಗುತ್ತಿರುವುದರಿಂದ ಶಾಖ ಹುಟ್ಟುತ್ತದೆ. ಆಕ್ಲೆಂಡಿನ ಶಿಲಾರಸ ಬಹಳ ಆಳದಿಂದ ನೇರವಾಗಿ ಮೇಲೆ ಬಂದದ್ದು.

2. ಮಂಡಿನೋವಿನವರಿಗೆ ಬೇರೆ ಜಾಗ ಇದೆ

ಮೌಂಗಫಾವು ತುದಿಯವರೆಗೆ ಕಾರು ಬಿಡುವುದನ್ನು 2016ರಲ್ಲೇ ನಿಲ್ಲಿಸಿದ್ದಾರೆ. ಕೆಳಗಿಂದ ಡಾಂಬರು ರಸ್ತೆಯಲ್ಲಿ ನಡೆಯಬೇಕು, ಏರು ಇದೆ. ಆಗದವರನ್ನು ಬಾಸ್ಟಿಯನ್ ಪಾಯಿಂಟಿಗೆ ಕರೆದುಕೊಂಡು ಹೋಗಿ. ಕಾರು ನಿಲ್ಲಿಸಿದ ಕಡೆಯಿಂದ ನಾಲ್ಕು ಹೆಜ್ಜೆ ನಡೆದರೆ ಹುಲ್ಲುಹಾಸು, ಕೆಳಗೆ ಇಡೀ ಬಂದರು, ಎದುರಿಗೆ ರಂಗಿಟೊಟೊ ದ್ವೀಪ. ತಮ್ಮ ನೆಲ ಉಳಿಸಿಕೊಳ್ಳಲು ಮಾವೊರಿಗಳು 1977-78ರಲ್ಲಿ 506 ದಿನ ಬೀಡುಬಿಟ್ಟು ಹೋರಾಡಿದ್ದು ಇದೇ ಜಾಗದಲ್ಲಿ. ಈ ಮಾತು ಹೇಳಿದರೆ ಮೊಬೈಲು ನೋಡುತ್ತಿದ್ದ ಹಿರಿಯರೂ ತಲೆ ಎತ್ತುತ್ತಾರೆ.

3. ಬಂದರನ್ನು ನೀರಿನ ಮೇಲಿಂದ ನೋಡಿ

ನಗರದ ಸ್ಕೈ ಟವರ್ 328 ಮೀಟರ್ ಎತ್ತರ. ಬೆಳಿಗ್ಗೆ ಆಕಾಶ ನೋಡಿ ಟಿಕೆಟ್ ತೆಗೆದುಕೊಳ್ಳಿ. ಮೋಡ ಕವಿದ ದಿನ ಮೇಲೆ ಹತ್ತುವುದು ದುಡ್ಡು ದಂಡ. ಅದಕ್ಕಿಂತ ಡೆವನ್‌ಪೋರ್ಟಿನ ಫೆರಿ ಮೇಲು. ಹನ್ನೆರಡು ನಿಮಿಷದ ಹಾದಿ, ಬಸ್ಸಿನ ಹಾಗೆ ಊರಿನ ಜನ ದಿನಾ ಓಡಾಡುವ ದೋಣಿ. ಹಡಗು, ಕ್ರೇನು, ಹಾರ್ಬರ್ ಬ್ರಿಜ್ ಎಲ್ಲ ಕಣ್ಣಿಗೆ ಬೀಳುತ್ತವೆ. ಆ ಸೇತುವೆ 1959ರಲ್ಲಿ ತೆರೆದಾಗ ನಾಲ್ಕೇ ಲೇನ್. ವಾಹನ ತಡೆಯಲಾಗದೆ ಹತ್ತೇ ವರ್ಷಕ್ಕೆ ಜಪಾನಿನಿಂದ ತಂದ ಭಾಗಗಳನ್ನು ಎರಡೂ ಪಕ್ಕಕ್ಕೆ ಜೋಡಿಸಿ ಎಂಟು ಮಾಡಿದರು. ಬೆಂಗಳೂರಿನವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ.

4. ರಂಗಿಟೊಟೊಗೆ ಬುತ್ತಿ, ನೀರು ಹೊತ್ತೇ ಹೋಗಿ

ಸುಮಾರು ಆರು ನೂರು ವರ್ಷದ ಹಿಂದೆ ಸಮುದ್ರದಿಂದ ಎದ್ದ ದ್ವೀಪ; ಆಕ್ಲೆಂಡಿನ ಜ್ವಾಲಾಮುಖಿಗಳಲ್ಲಿ ಇದೇ ಕಿರಿಯದು. ಹತ್ತು ವರ್ಷ ದಾಟಿದ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಕಪ್ಪು ಲಾವಾ ಕಲ್ಲಿನ ನಡುವೆ ಒಂದು ಗಂಟೆ ಹತ್ತಿದರೆ ತುದಿ, ದಾರಿಯಲ್ಲಿ ಲಾವಾ ಹರಿದು ಉಳಿದ ಗುಹೆಗಳು, ಟಾರ್ಚ್ ಇರಲಿ. ಅಂಗಡಿ ಇಲ್ಲ, ಹೋಟೆಲಿಲ್ಲ. ಬಿಸಿಲಿಗೆ ಕಪ್ಪು ಕಲ್ಲು ಕಾದು ಸೆಕೆ ಹೊಡೆಯುತ್ತದೆ. ಚಪ್ಪಲಿ ಬೇಡ, ಬೂಟು ಹಾಕಿ. ದೋಣಿ ಹತ್ತುವ ಮುಂಚೆ ಚೀಲದಲ್ಲಿ ಇರುವೆ, ಬೂಟಿನಲ್ಲಿ ಮಣ್ಣು ಇಲ್ಲವೆಂದು ನೋಡಿಕೊಳ್ಳಬೇಕು. ಆ ದ್ವೀಪವನ್ನು ಇಲಿ-ಹೆಗ್ಗಣಗಳಿಂದ ಪೂರ್ತಿ ಮುಕ್ತ ಮಾಡಿ ಹಕ್ಕಿಗಳನ್ನು ಕಾಪಾಡಿಕೊಂಡಿದ್ದಾರೆ. ಕೊನೆಯ ಫೆರಿ ಎಷ್ಟು ಹೊತ್ತಿಗೆಂದು ಹೋಗುವಾಗಲೇ ಕೇಳಿಟ್ಟುಕೊಳ್ಳಿ, ಅದು ಯಾರಿಗೂ ಕಾಯುವುದಿಲ್ಲ.

5. ಏಪ್ರಿಲ್ ಇಲ್ಲಿ ಬೇಸಿಗೆಯಲ್ಲ

ನಮ್ಮ ಶಾಲೆಗಳ ರಜೆಗೆ ಬರುವವರು ತೆಳ್ಳನೆ ಹತ್ತಿಬಟ್ಟೆ ತುಂಬಿಕೊಂಡು ಬಂದು ಇಳಿಯುತ್ತಾರೆ. ಇಲ್ಲಿ ಆಗ ಶರತ್ಕಾಲ. ಡಿಸೆಂಬರಿನಲ್ಲಿ ರಾತ್ರಿ ಎಂಟೂವರೆ ಕಳೆದರೂ ಬೆಳಕು. ಏಪ್ರಿಲ್ ಕೊನೆಗೆ ಐದೂ ಮುಕ್ಕಾಲಿಗೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ಏಪ್ರಿಲಿನಲ್ಲಿ ಎಂಟು ಗಂಟೆಗೆ ಮನೆ ಬಿಡದಿದ್ದರೆ ಅರ್ಧ ದಿನ ಹೋದ ಹಾಗೆ. ಏಪ್ರಿಲ್ 25 ಯೋಧರನ್ನು ನೆನೆಯುವ ಆನ್‌ಜಾಕ್ ದಿನ, ಮಧ್ಯಾಹ್ನ ಒಂದರವರೆಗೆ ಅಂಗಡಿ ಬಾಗಿಲು ತೆರೆಯುವುದಿಲ್ಲ. ಡಿಸೆಂಬರಿಗೆ ಬರುವವರು ಟೋಪಿ, ಸನ್‌ಸ್ಕ್ರೀನ್ ಮರೆಯಬೇಡಿ. ಗಾಳಿ ತಂಪಾಗಿದ್ದರೂ ಇಲ್ಲಿನ ಬಿಸಿಲು ನಮ್ಮ ಬಳ್ಳಾರಿಯವರನ್ನೂ ಸುಡುತ್ತದೆ.

6. ರೊಟೊರುವಾದಲ್ಲಿ ಎರಡು ರಾತ್ರಿ ಉಳಿಯಿರಿ

ಸುಮಾರು 230 ಕಿಲೋಮೀಟರ್, ಮೂರು ಗಂಟೆ. ಲೆಕ್ಕ ಹಾಕಿದರೆ ಒಂದೇ ದಿನದಲ್ಲಿ ಹೋಗಿ ಬರಬಹುದು, ಕೆಲವರು ಹೋಗಿಯೂ ಬರುತ್ತಾರೆ. ನನ್ನ ವ್ಯಾನು ಹೋಗುವುದಿಲ್ಲ. ಆರು ಗಂಟೆ ಕೂತ ಮಕ್ಕಳಿಗೂ ಹಿರಿಯರಿಗೂ ಬುಗ್ಗೆ ಚಿಮ್ಮಿದರೂ ಒಂದೇ, ಚಿಮ್ಮದಿದ್ದರೂ ಒಂದೇ. ಏಳು ತುಂಬದ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಅಜ್ಜನ ತೊಡೆಯ ಮೇಲೆ ಕೂರಿಸಿಕೊಳ್ಳುವ ಮಾತೇ ಇಲ್ಲ. ದಾರಿಯಲ್ಲಿ ಟಿರಾವು ಎಂಬ ಪುಟ್ಟ ಊರಿನಲ್ಲಿ ಜಿಂಕ್ ತಗಡಿನಲ್ಲೇ ಕಟ್ಟಿದ ದೊಡ್ಡ ನಾಯಿ, ಕುರಿ ಆಕಾರದ ಕಟ್ಟಡಗಳಿವೆ. ಅಲ್ಲೇ ಕಾಫಿ, ಅಲ್ಲೇ ಶೌಚಾಲಯ, ಅಲ್ಲೇ ಮಕ್ಕಳ ಫೋಟೊ.

ಹಾದಿಯಲ್ಲೇ ಸಿಗುವ ಮಟಮಾಟಾದ ಹಾಬಿಟನ್ ಸಿನಿಮಾ ಸೆಟ್ಟು ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಸಿನಿಮಾ ನೋಡಿದ ಮಕ್ಕಳಿದ್ದರೆ ಖಂಡಿತ. ಇಲ್ಲವಾದರೆ ಅರ್ಧ ದಿನವನ್ನೂ ದುಬಾರಿ ಟಿಕೆಟ್ಟನ್ನೂ ಉಳಿಸಿ ರೊಟೊರುವಾಕ್ಕೆ ಕೊಡಿ.

7. ಬೆಳ್ಳಿ ಬಿಚ್ಚಿಡಿ, ಕಿಟಕಿ ತೆರೆದಿಡಿ

ಊರು ಇನ್ನೂ ಕಾಣುವ ಮೊದಲೇ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್. ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಕೊಳ್ಳುತ್ತದೆ, ಆದರೆ ಬೆಳ್ಳಿ ಒಗ್ಗಿಕೊಳ್ಳುವುದಿಲ್ಲ. ಕಾಲುಂಗುರ, ಗೆಜ್ಜೆ, ಉಡುದಾರ ಎರಡು ದಿನದಲ್ಲಿ ಕಪ್ಪಾಗುತ್ತವೆ. “ಏನಪ್ಪಾ, ನಿನ್ನೆ ತಾನೇ ತೊಳೆದಿದ್ದೆ” ಎಂದು ಮೈಸೂರಿನ ಅಜ್ಜಿಯೊಬ್ಬರು ಕಾಲು ಚಾಚಿ ತೋರಿಸಿದ ಮೇಲೆ, ಈಗ ಮೊದಲೇ ಹೇಳಿಬಿಡುತ್ತೇನೆ. ಗೆಜ್ಜೆ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಕಾಲುಂಗುರ ತೆಗೆಯಲು ಒಪ್ಪದವರು ಊರಿಗೆ ಹೋಗಿ ಹುಣಸೆಹಣ್ಣು ಹಾಕಿ ತಿಕ್ಕಿಕೊಳ್ಳಲಿ. ಇನ್ನೊಂದು ಮಾತು ತಮಾಷೆಯದ್ದಲ್ಲ. ಆ ಅನಿಲ ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೆ ಜೀವಕ್ಕೇ ಅಪಾಯ, ಇಲ್ಲಿ ಹಾಗೆ ಸತ್ತವರಿದ್ದಾರೆ. ಮೋಟೆಲಿನ ಗಾಳಿಕಿಂಡಿಯನ್ನು ಚಳಿಗೆಂದು ಬಟ್ಟೆ ತುರುಕಿ ಮುಚ್ಚಬೇಡಿ. ಆಸ್ತಮಾ ಇರುವವರ ಇನ್‌ಹೇಲರ್ ಕೈಚೀಲದಲ್ಲೇ ಇರಲಿ.

8. ಬುಗ್ಗೆಯ ಜಾಗಗಳೆಲ್ಲ ಒಂದೇ ಅಲ್ಲ, ಎರಡು ಆರಿಸಿ

ಟಿಕೆಟ್ ಕೊಟ್ಟು ನೋಡುವ ಜಾಗ ನಾಲ್ಕೈದಿವೆ. ಎಲ್ಲ ನೋಡಹೊರಟರೆ ಮೂರನೆಯದರಲ್ಲಿ ಮಕ್ಕಳು “ಮತ್ತೆ ಹೊಗೆಯಾ?” ಎನ್ನುತ್ತಾರೆ.

ಹಿರಿಯರಿದ್ದರೆ ಮೊದಲನೆಯದು ತೆ ಪೂಯಾ. ದಾರಿ ಸಮ, ಊರಿಗೆ ಹತ್ತಿರ. ಇಲ್ಲಿಯ ಪೊಹುಟು ಬುಗ್ಗೆ ದಿನಕ್ಕೆ ಹಲವು ಸಲ 30 ಮೀಟರ್‌ವರೆಗೆ ಚಿಮ್ಮುತ್ತದೆ. ಅದಕ್ಕೆ ಗಡಿಯಾರದ ಹಂಗಿಲ್ಲ, ಆದರೆ ಸೂಚನೆ ಇದೆ. ಪಕ್ಕದಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಫೆದರ್ಸ್ ಎಂಬ ಚಿಕ್ಕ ಬುಗ್ಗೆ. ಅದು ಮೊದಲು ಸಣ್ಣಗೆ, ಆಮೇಲೆ ಜೋರಾಗಿ ಚಿಮ್ಮತೊಡಗಿದರೆ ಪೊಹುಟು ಬರುವ ಹೊತ್ತಾಯಿತೆಂದು ಅರ್ಥ. ಆಗ ಐಸ್‌ಕ್ರೀಂ ಸಾಲು ಬಿಟ್ಟು ಬನ್ನಿ. ಎದುರಿಗೆ ಕೂರಲು ಕಲ್ಲಿನ ಮೆಟ್ಟಿಲುಗಳಿವೆ, ಕೆಳಗಿನ ಕಾವಿಗೆ ಸದಾ ಬೆಚ್ಚಗೆ. ಸೊಂಟನೋವಿನವರು ಒಮ್ಮೆ ಕೂತರೆ ಏಳುವುದೇ ಇಲ್ಲ, ಬುಗ್ಗೆ ನೆಪ ಮಾತ್ರ.

ಈ ಬುಗ್ಗೆಗಳು ನಿಂತೇ ಹೋಗುವ ಕಾಲವೂ ಬಂದಿತ್ತು. ಮನೆ, ಮೋಟೆಲುಗಳು ಬೋರ್ ಕೊರೆದು ಬಿಸಿನೀರನ್ನು ಎಗ್ಗಿಲ್ಲದೆ ಎಳೆದದ್ದರಿಂದ ಒತ್ತಡ ಕುಸಿದಿತ್ತು. ಸರ್ಕಾರ 1980ರ ದಶಕದ ಕೊನೆಗೆ ಪೊಹುಟುವಿನಿಂದ ಒಂದೂವರೆ ಕಿಲೋಮೀಟರ್ ಒಳಗಿನ ಬೋರ್‌ಗಳನ್ನು ಮುಚ್ಚಿಸಿತು. ಊರಿನಲ್ಲಿ ದೊಡ್ಡ ಗಲಾಟೆಯೇ ಆಯಿತು, ನೀರು ಮಾತ್ರ ಮರಳಿ ಏರಿತು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಇದನ್ನು ಕೇಳಿ ಸುಮ್ಮನಾಗುತ್ತಾರೆ.

ಎರಡನೆಯದಕ್ಕೆ ವೈ-ಓ-ಟಾಪು ಅಥವಾ ವೈಮಂಗು. ಬಣ್ಣ ಬೇಕಿದ್ದರೆ ವೈ-ಓ-ಟಾಪು. ಅಲ್ಲಿಯ ಶಾಂಪೇನ್ ಪೂಲ್ 60 ಮೀಟರಿಗೂ ಅಗಲ, ಮೇಲ್ಮೈ ನೀರೇ 74 ಡಿಗ್ರಿ. ಅಂಚಿನ ಗಾಢ ಕಿತ್ತಳೆ ಬಣ್ಣಕ್ಕೆ ಆರ್ಸೆನಿಕ್, ಆಂಟಿಮನಿ ಕಾರಣ. ಕೆಸರಿನ ಕೊಳ ಬೇರೆ ಕಡೆಯಿದೆ, ರಾಗಿ ಅಂಬಲಿ ಕುದಿದ ಹಾಗೆ ಬುಳುಕ್ ಬುಳುಕ್ ಎನ್ನುತ್ತದೆ. ಮಕ್ಕಳು ಅಲ್ಲಿಂದ ಕದಲುವುದಿಲ್ಲ.

ಅಲ್ಲಿಯ ಲೇಡಿ ನಾಕ್ಸ್ ಬುಗ್ಗೆ ದಿನಾ ಬೆಳಿಗ್ಗೆ 10.15ಕ್ಕೆ ಚಿಮ್ಮುತ್ತದೆ. ಪ್ರಕೃತಿಗೆ ಅಷ್ಟು ಸಮಯಪ್ರಜ್ಞೆ ಎಲ್ಲಿಂದ ಬರಬೇಕು? ಸಿಬ್ಬಂದಿಯೊಬ್ಬರು ಬಾಯಿಯೊಳಗೆ ಸಾಬೂನು ಸುರಿಯುತ್ತಾರೆ. ಮೇಲಿನ ತಂಪು ನೀರಿನ ಬಿಗಿ ಸಡಿಲಿ, ಕೆಳಗಿನ ಕುದಿನೀರು ನುಗ್ಗಿ ಬರುತ್ತದೆ. ನೂರು ವರ್ಷಕ್ಕೂ ಹಿಂದೆ ಕೈದಿಗಳು ಬಟ್ಟೆ ಒಗೆಯಲು ಹೋಗಿ ಇದನ್ನು ಕಂಡುಕೊಂಡರಂತೆ. ಬುಗ್ಗೆ ಇರುವುದು ಮುಖ್ಯ ಜಾಗದಿಂದ ಸ್ವಲ್ಪ ದೂರ. ಟಿಕೆಟ್ ಮೊದಲು ಕೌಂಟರಿನಲ್ಲಿ ತೆಗೆದು, ಆಮೇಲೆ ಕಾರಿನಲ್ಲಿ ಅಲ್ಲಿಗೆ ಹೋಗಬೇಕು. ನನ್ನ ಉಪಾಯ ಬೇರೆ: ಪೊಹುಟು ನೋಡಿಯಾಗಿದ್ದರೆ ಇದನ್ನು ಬಿಡಿ. ಎಲ್ಲರೂ ಅಲ್ಲಿ ಸೇರಿರುವ ಆ ಹೊತ್ತಿಗೆ ಕೊಳಗಳ ದಾರಿ ಖಾಲಿ ಇರುತ್ತದೆ.

ನಡೆಯಲು ಇಷ್ಟ, ಆದರೆ ಏರು ಆಗದು ಎನ್ನುವವರಿಗೆ ವೈಮಂಗು. ದಾರಿಯೆಲ್ಲ ಇಳಿಜಾರು, ಎಲ್ಲಿ ಸುಸ್ತಾಯಿತೋ ಅಲ್ಲಿಗೆ ಹತ್ತಿರದ ನಿಲ್ದಾಣದಲ್ಲಿ ಬಸ್ಸು ಹತ್ತಿ ಮೇಲೆ ಬರಬಹುದು. ಈ ಕಣಿವೆ ಹುಟ್ಟಿದ್ದೇ 1886ರ ಜೂನ್ 10ರಂದು, ತರವೆರಾ ಪರ್ವತ ಸಿಡಿದಾಗ. ಅಂದು ನೂರಕ್ಕೂ ಹೆಚ್ಚು ಜನ ಸತ್ತರು, ಜಗತ್ತೇ ನೋಡಲು ಬರುತ್ತಿದ್ದ ಗುಲಾಬಿ-ಬಿಳಿ ಶಿಲಾಮೆಟ್ಟಿಲುಗಳು ಕಣ್ಮರೆಯಾದವು.

ದುಡ್ಡು ಬೇಡದ ಜಾಗವೂ ಇದೆ. ಊರೊಳಗಿನ ಕುಯಿರಾವು ಪಾರ್ಕಿನಲ್ಲಿ ಹಬೆಯಾಡುವ ಕೊಳಗಳು, ಕಾಲು ಇಳಿಬಿಡುವ ತೊಟ್ಟಿಗಳು, ಎಲ್ಲ ಪುಕ್ಕಟೆ. ಪುತ್ತೂರಿನ ಬೆಂದ್ರುತೀರ್ಥ ಕಂಡವರೊಬ್ಬರು ಕಾಲು ಅದ್ದಿ “ನಮ್ಮದು ಉಗುರುಬೆಚ್ಚಗೆ, ಇದು ಬಿಸಿ” ಎಂದು ತೀರ್ಪು ಕೊಟ್ಟರು.

9. ಬೇಲಿ ದಾಟಬೇಡಿ

ಮಕ್ಕಳ ಕೈ ಬಿಡಬೇಡಿ ಎಂದಷ್ಟೇ ಹೇಳಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಕಾರಣವನ್ನೂ ಹೇಳುತ್ತೇನೆ. ಗಟ್ಟಿಯಾಗಿ ಕಾಣುವ ಬಿಳಿ ನೆಲ ತೆಳು ಪದರ ಮಾತ್ರ ಇರಬಹುದು, ಕೆಳಗೆ ಕುದಿನೀರು. 1903ರಲ್ಲಿ ವೈಮಂಗುವಿನ ದೊಡ್ಡ ಬುಗ್ಗೆ ಎಚ್ಚರಿಕೆ ಮೀರಿ ಹತ್ತಿರ ಹೋದ ನಾಲ್ವರನ್ನು ಬಲಿ ತೆಗೆದುಕೊಂಡಿತು. 2019ರ ಡಿಸೆಂಬರಿನಲ್ಲಿ ಫಾಕಾರಿ ಎಂಬ ಜ್ವಾಲಾಮುಖಿ ದ್ವೀಪ ಸಿಡಿದು 22 ಜನ ಸತ್ತದ್ದಂತೂ ನಿನ್ನೆ ಮೊನ್ನೆಯ ಮಾತು. ಸೆಲ್ಫಿಗೆ ಹಿಂದೆ ಹಿಂದೆ ಹೆಜ್ಜೆ ಇಡುವ ಚಿಕ್ಕಪ್ಪ ಪ್ರತಿ ಕುಟುಂಬದಲ್ಲೂ ಒಬ್ಬರಿರುತ್ತಾರೆ. ಅವರ ಮೇಲೆ ನನ್ನ ಕಣ್ಣು.

10. ಬಿಸಿನೀರಿನಲ್ಲಿ ತಲೆ ಮುಳುಗಿಸಬೇಡಿ

ನೈಸರ್ಗಿಕ ಬಿಸಿನೀರಿನಲ್ಲಿರುವ ಒಂದು ಬಗೆಯ ಅಮೀಬಾ ಮೂಗಿನಿಂದ ಮಿದುಳಿಗೆ ಹೋಗಬಹುದು. ಅಪರೂಪ, ಆದರೆ ಮಾರಕ. ಬಿಪಿ, ಹೃದ್ರೋಗದವರು ಹತ್ತು ಹದಿನೈದು ನಿಮಿಷಕ್ಕೆ ಮೇಲೆ ಬರಲಿ; ಬಸುರಿಯರು ವೈದ್ಯರನ್ನು ಕೇಳಿಯೇ ಇಳಿಯಲಿ. ಸಾರ್ವಜನಿಕ ಕೊಳದಲ್ಲಿ ಸಂಕೋಚಪಡುವ ಅಮ್ಮಂದಿರಿಗೆ ಅರ್ಧ ಗಂಟೆಯ ಖಾಸಗಿ ಕೊಳ ಬಾಡಿಗೆಗೆ ಸಿಗುತ್ತದೆ. ಸ್ವಲ್ಪ ಹೆಚ್ಚು ದುಡ್ಡು, ತುಂಬಾ ನೆಮ್ಮದಿ.

11. ಊಟದ ವ್ಯವಸ್ಥೆ ಮೊದಲೇ ಆಗಲಿ

ಇಲ್ಲಿಗೆ ಬರುವಾಗ ತುಂಬುವ ಫಾರಂನಲ್ಲಿ ಚಟ್ನಿಪುಡಿ, ಸಾರಿನಪುಡಿ, ಉಪ್ಪಿನಕಾಯಿ ಎಲ್ಲ ಬರೆದುಬಿಡಿ. ಬರೆದರೆ ನೋಡಿ ಬಿಡುತ್ತಾರೆ ಇಲ್ಲವೇ ತೆಗೆದುಕೊಳ್ಳುತ್ತಾರೆ. ಮುಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್ ದಂಡ. ಆಕ್ಲೆಂಡಿನ ಸ್ಯಾಂಡ್ರಿಂಗ್‌ಹ್ಯಾಮ್ ಬೀದಿಯಲ್ಲಿ ನಮ್ಮ ದಿನಸಿ ಸಿಗುತ್ತದೆ. ಅಕ್ಕಿ, ಬೇಳೆ, ಮೊಸರು ಅಲ್ಲೇ ಕೊಂಡು ಹೊರಡಿ. ರೊಟೊರುವಾದ ಮೋಟೆಲುಗಳಲ್ಲಿ ಚಿಕ್ಕ ಅಡುಗೆಮನೆ ಸಾಮಾನ್ಯ, ಬುಕ್ ಮಾಡುವಾಗ ಕೇಳಿಕೊಳ್ಳಿ. ಸಂಜೆ ತಡವಾದರೆ ಹೋಟೆಲಿನ ಒಲೆ ಆರಿರುತ್ತದೆ.

ನೆಲದೊಳಗಿನ ಕಾವಿನಲ್ಲಿ ಬೇಯಿಸುವ ಮಾವೊರಿಗಳ ಹಾಂಗಿ ಊಟದಲ್ಲಿ ಗೆಣಸು, ಕುಂಬಳಕಾಯಿ ಇರುತ್ತವೆ. ಆದರೆ ಅವು ಮಾಂಸದ ಜೊತೆಯೇ ಬೆಂದಿರಬಹುದು. ಶುದ್ಧ ಸಸ್ಯಾಹಾರಿಗಳು ಹಿಂದಿನ ದಿನವೇ ಹೇಳಿ ಬೇರೆ ಮಾಡಿಸಬೇಕು. ಫಾಕರೆವರೆವಾ ಹಳ್ಳಿಯಲ್ಲಿ ಬಿಸಿ ಬುಗ್ಗೆಯಲ್ಲೇ ಬೇಯಿಸಿದ ಜೋಳದ ತೆನೆಗೆ ಈ ಚಿಂತೆ ಇಲ್ಲ, ರುಚಿಯೂ ಚೆನ್ನ. ಅಲ್ಲಿ ಜನ ಇಂದಿಗೂ ಮನೆ ಮಾಡಿಕೊಂಡಿದ್ದಾರೆ. ಕೆತ್ತನೆಯ ಸಭಾಮನೆಗೆ ಚಪ್ಪಲಿ ಬಿಟ್ಟು ಹೋಗಬೇಕೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಆದರೆ ಸ್ವಾಗತದ ವೇಳೆ ಯೋಧ ನಾಲಿಗೆ ಚಾಚಿ ಕಣ್ಣರಳಿಸಿದಾಗ ನಗಬಾರದೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು.

12. ವಿಮಾನದ ದಿನ ಬೆಳಿಗ್ಗೆಯೇ ಹೊರಡಿ

ಮರಳುವಾಗ ಆಕ್ಲೆಂಡಿಗೆ ಮುಂಚೆ ಬಾಂಬೆ ಹಿಲ್ಸ್ ಸಿಗುತ್ತದೆ. 1860ರ ದಶಕದಲ್ಲಿ ವಲಸಿಗರನ್ನು ತಂದ ಬಾಂಬೆ ಎಂಬ ಹಡಗಿನಿಂದ ಬಂದ ಹೆಸರದು. ಅಲ್ಲಿಂದ ಮುಂದಕ್ಕೆ ಸಂಜೆ ವಾಹನಗಳು ತೆವಳುತ್ತವೆ, ರಜೆ ಮುಗಿಯುವ ದಿನವಂತೂ ಕೇಳಬೇಡಿ. ರಾತ್ರಿ ವಿಮಾನವಿದೆಯಲ್ಲ ಎಂದು ಮಧ್ಯಾಹ್ನ ರೊಟೊರುವಾ ಬಿಡುವವರನ್ನು ನಾನು ಕರೆದೊಯ್ಯುವುದಿಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಡಿ, ಊಟಕ್ಕೆ ಆಕ್ಲೆಂಡಿನಲ್ಲಿರಿ.